ಬೀಬಿಯ ತಲೆ ಬೋಳಿಸಿದ ದಿನ

ವಯಸ್ಸಾದವರು ಸಾಧುಗಳಾಗುತ್ತಾರೆ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ಹಾಗೆನ್ನುವವರು ಮುದುಕರ ಮನೆಯಲ್ಲಿ ಕೆಲಸ ಮಾಡಿದವರಲ್ಲ. ನನ್ನ ಎಡಗೈ ಕಿರುಬೆರಳು ಇವತ್ತಿಗೂ ಸೊಟ್ಟಗಿದೆ. ಅದನ್ನು ಮುರಿದವಳು ಬಾಯಲ್ಲಿ ಒಂದು ಹಲ್ಲೂ ಇಲ್ಲದ, ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ದೇವರ ನಾಮ ಜಪಿಸುವ ಒಬ್ಬ ವಿಧವೆ. ನನ್ನ ನೆರಳು ಅವಳ ನೀರಿನ ಕೊಡದ ಮೇಲೆ ಬಿತ್ತೆಂದು ಹಿತ್ತಾಳೆ ತಂಬಿಗೆ ಬೀಸಿ ಒಗೆದಿದ್ದಳು. ನಾನೂ ಬಿಡಲಿಲ್ಲ. ಆ ತಂಬಿಗೆಯನ್ನು ಎತ್ತಿಕೊಂಡು ಹೋಗಿ ಬಾವಿಗೆ ಹಾಕಿದೆ.

ನಿಜಾಮರ ರಾಜ್ಯದ ಕೊನೆಯ ವರ್ಷಗಳ ಮಾತು ಇದು. ಚಿತ್ತಾಪುರದಿಂದ ಸೇಡಂ ಕಡೆ ಹೋಗುವ ದಾರಿಯಲ್ಲಿ, ಊರು ಮುಗಿದ ಮೇಲೆ ಆ ಮನೆ. ಶಹಾಬಾದಿನ ಕಲ್ಲು ಮಾರಿ ಹಣ ಮಾಡಿದ ವ್ಯಾಪಾರಿಯೊಬ್ಬರು ಗತಿಯಿಲ್ಲದ ಮುದುಕ ಮುದುಕಿಯರಿಗಾಗಿ ಕಟ್ಟಿಸಿದ್ದು. ನೆಲ, ಗೋಡೆ, ಮಾಡು ಎಲ್ಲವೂ ಫರಸಿ ಕಲ್ಲೇ. ಬೇಸಿಗೆಯಲ್ಲಿ ಬರಿಗಾಲಿಟ್ಟರೆ ಅಂಗಾಲಲ್ಲಿ ಬೊಬ್ಬೆ ಏಳುತ್ತಿತ್ತು. ಒಂದು ಕಡೆ ಗಂಡಸರ ಪಡಸಾಲೆ, ಎದುರಿಗೆ ಹೆಂಗಸರದು, ನಡುವೆ ಅಂಗಳ ಮತ್ತು ಒಂದು ಬೇವಿನ ಮರ. ನಾನು ಕ್ಷೌರ ಮಾಡುವ ಹಡಪದವರ ಮಗಳು. ಗಂಡ ಸತ್ತ ಮೇಲೆ ಹೆಂಗಸರ ಪಡಸಾಲೆಯ ಕೆಲಸಕ್ಕೆ ಸೇರಿದ್ದೆ.

ವಾಡಿಗೆ ಹೋಗುವ ಬೆಳಗಿನ ರೈಲು ಕೂಗಿದೊಡನೆ ನಮ್ಮಲ್ಲಿ ಜಗಳ ಶುರು. ಮೊದಲು ರಾತ್ರಿಯ ಉಚ್ಚೆ ಮಡಕೆಗಳನ್ನು ಎತ್ತಬೇಕು. ಅದನ್ನು ನನ್ನ ಕಾಲ ಮೇಲೇ ಒದ್ದು ಚೆಲ್ಲುವವರಿದ್ದರು. ಆಮೇಲೆ ಒಬ್ಬೊಬ್ಬರನ್ನೇ ಬಚ್ಚಲಿಗೆ ಎಳೆದೊಯ್ಯಬೇಕು. ಕಚ್ಚುವವರು, ಪರಚುವವರು, ನಾನು ಕೊಲ್ಲುತ್ತಿದ್ದೇನೆಂದು ಊರಿಗೆಲ್ಲ ಕೇಳುವಂತೆ ಕೂಗುವವರು. ಸ್ನಾನವಾದ ಮೇಲೆ ಜೋಳದ ಅಂಬಲಿ. ಪಕ್ಕದವಳ ಬಟ್ಟಲಲ್ಲಿ ಒಂದು ಗುಟುಕು ಹೆಚ್ಚು ಕಂಡರೆ ಕೋಲು ಎದ್ದಿತೆಂದೇ ಲೆಕ್ಕ. ಮಧ್ಯಾಹ್ನ ಹೇನು ಹೆಕ್ಕುವುದು, ಮಲಗಿ ಮಲಗಿ ಆದ ಹುಣ್ಣುಗಳಿಗೆ ಬೇವಿನೆಣ್ಣೆ ಹಚ್ಚುವುದು. ಸಂಜೆ ನುಚ್ಚು, ಬೇಳೆಕಟ್ಟು, ಮತ್ತೊಂದು ಸುತ್ತು ಬಡಿದಾಟ. ನಾನೂ ಬೆನ್ನಿಗೆ ಗುದ್ದುತ್ತಿದ್ದೆ, ಗುದ್ದಿದ ಬೆನ್ನಿಗೇ ಎಣ್ಣೆ ತಿಕ್ಕುತ್ತಿದ್ದೆ. ಅದಕ್ಕಾಗಿ ಈಗ ಕಣ್ಣೀರು ಹಾಕುವವಳಲ್ಲ. ಹೊಡೆಸಿಕೊಂಡವರು ಮರುದಿನ ಬಡ್ಡಿ ಸಮೇತ ತೀರಿಸುತ್ತಿದ್ದರು.

ನನ್ನ ಬೆರಳು ಮುರಿದವಳನ್ನು ಎಲ್ಲರೂ ಮಡಿ ಅಜ್ಜಿ ಎನ್ನುತ್ತಿದ್ದರು. ವೈಷ್ಣವರ ಮನೆಯ ಹೆಂಗಸು. ಗುಡಿಯಲ್ಲಿ ಪೂಜೆಗಿದ್ದ ಅಣ್ಣನ ಮಗ ತೀರಿಕೊಂಡ ಮೇಲೆ ಇಲ್ಲಿಗೆ ಬಂದಿದ್ದಳು. ಬೋಳು ತಲೆ, ಅದರ ಮೇಲೆ ಹೊದ್ದ ಕೆಂಪು ಸೀರೆ, ಕೊರಳಲ್ಲಿ ತುಳಸಿಮಣಿ. ಪಡಸಾಲೆಯ ಮೂಲೆಯಲ್ಲಿ ಅವಳದೇ ಒಲೆ, ಸುತ್ತ ಸುಣ್ಣದ ಗೆರೆ. ಗೆರೆ ದಾಟಿದವರಿಗೆ ಕೊಳ್ಳಿಯಿಂದ ಪೆಟ್ಟು. ತಿಂಗಳಿಗೊಮ್ಮೆ ಅವಳ ತಲೆ ಬೋಳಿಸುತ್ತಿದ್ದ ನನ್ನಪ್ಪನಿಗೆ ಕೈ ನಡುಗತೊಡಗಿದ ಮೇಲೆ ಆ ಕ್ಷೌರದ ಕತ್ತಿ ನನ್ನ ಕೈಗೆ ಬಂದಿತ್ತು. ಆ ಒಂದು ದಿನ ಮಾತ್ರ ನಾನು ಅವಳನ್ನು ಮುಟ್ಟಬಹುದಿತ್ತು. ಮುಗಿದೊಡನೆ ಬೈಯುತ್ತಲೇ ಸ್ನಾನಕ್ಕೆ ಹೋಗುತ್ತಿದ್ದಳು.

ಗೆರೆಯ ಈಚೆ, ಅವಳ ಮಗ್ಗುಲಲ್ಲೇ ಬೀಬಿಯ ಚಾಪೆ. ಬೀಬಿಯ ಗಂಡ ಕಚೇರಿಯಲ್ಲಿ ಜವಾನನಾಗಿದ್ದವನು, ಈಗ ಎದುರಿನ ಪಡಸಾಲೆಯಲ್ಲಿದ್ದ. ಅವರಿಗೆ ಮಕ್ಕಳಿರಲಿಲ್ಲ. ಬೀಬಿಗೆ ಆ ವಯಸ್ಸಿನಲ್ಲೂ ಸೊಂಟದವರೆಗೆ ಕೂದಲು, ಮದರಂಗಿ ಹಚ್ಚಿ ಹಚ್ಚಿ ಕೆಂಪಾದದ್ದು. ಅದನ್ನು ಬಾಚಿ ಉದುರಿದ ಕೂದಲನ್ನು ಬೇಕೆಂದೇ ಗೆರೆಯಾಚೆ ಊದಿಬಿಡುತ್ತಿದ್ದಳು. ಮಡಿ ಅಜ್ಜಿ ಕೊಳ್ಳಿ ಎತ್ತಿದರೆ ಬೀಬಿ ಎಲೆಅಡಿಕೆ ಕುಟ್ಟುವ ಕಬ್ಬಿಣದ ಗುಂಡು ಎತ್ತುತ್ತಿದ್ದಳು. ಹಾವು ಮುಂಗುಸಿ ಎಂದರೆ ಇವರೇ. ಒಮ್ಮೆ ಅಜ್ಜಿಯ ಹುಬ್ಬು ಒಡೆದು ರಕ್ತ ಬಂದಿತ್ತು, ಇನ್ನೊಮ್ಮೆ ಬೀಬಿಯ ಮೊಣಕೈ ಸುಟ್ಟು ತಿಂಗಳುಗಟ್ಟಲೆ ಮಾಯಲಿಲ್ಲ.

ನಿಜಾಮರ ರಾಜ್ಯ ಬಿದ್ದ ವರ್ಷದ ಬೇಸಿಗೆಯಲ್ಲಿ ಅವರ ಕಡೆಯ ಖಾಕಿ ತೊಟ್ಟ ಬಂದೂಕಿನವರು ಬಂದು ನಮ್ಮ ಜೋಳದ ಚೀಲಗಳನ್ನು ಹೊತ್ತರು. “ಮುದುಕರ ಕೂಳದು, ಬಿಡ್ರಿ” ಎಂದು ಬಾಗಿಲಿಗೆ ಅಡ್ಡ ನಿಂತವನು ಬೀಬಿಯ ಗಂಡನೊಬ್ಬನೇ. ತಮ್ಮ ಮತದವನೇ ಎಂದು ಅವರೇನೂ ಕನಿಕರ ತೋರಲಿಲ್ಲ. ಬಂದೂಕಿನ ಹಿಡಿಯಿಂದ ಬಾಯಿಗೆ ಹೊಡೆದರು. ಉಳಿದಿದ್ದ ಹಲ್ಲುಗಳೂ ಹೋದವು. ಅಂದಿನಿಂದ ಬೀಬಿ ಸಂಜೆ ಬೇವಿನ ಕೆಳಗೆ ಕೂತು ಅವನ ಎಲೆಅಡಿಕೆಯನ್ನು ಹಿಟ್ಟಿನಂತೆ ಕುಟ್ಟಿ ಕೊಡುತ್ತಿದ್ದಳು.

ಮಳೆಗಾಲದಲ್ಲಿ ಹಿಂದೂಸ್ತಾನದ ಫೌಜು ಬಂತು, ನಿಜಾಮರ ಸರ್ಕಾರ ಬಿತ್ತು. ಜನ ಕುಣಿದರು, ನನಗೂ ಖುಷಿಯಾಯಿತು. ಆದರೆ ಹೊಡೆತ ನಿಲ್ಲಲಿಲ್ಲ, ಹೊಡೆಯುವ ಕೈ ಬದಲಾಯಿತು ಅಷ್ಟೆ. ಮನೆಯ ಮೇಲ್ವಿಚಾರಕ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ರೈಲು ಹತ್ತಿದ. ಒಂದು ಬೆಳಗ್ಗೆ ಹಾಲಿನವಳು ಖಾಲಿ ಕೈಯಲ್ಲಿ ಓಡಿ ಬಂದಳು. ಕೊಡಲಿ ಹಿಡಿದ ಗುಂಪೊಂದು ಮನೆ ಮನೆ ಹೊಕ್ಕು ಮುಸಲ್ಮಾನರನ್ನು ಹುಡುಕುತ್ತಿದೆ, ಹೆಂಗಸರನ್ನೂ ಬಿಡುತ್ತಿಲ್ಲ ಎಂದಳು.

ನಾನು ಮೊದಲು ಬೀಬಿಯ ಗಂಡನ ಹತ್ತಿರ ಓಡಿದೆ. ಅವನು ಬಾಗಿಲ ಕಟ್ಟೆಯ ಮೇಲೆ ಕೂತಿದ್ದ.

“ನಾ ಎಲ್ಲಿಗಿ ಓಡ್ಲಿ? ಕಾಲಾಗ ಕಸುವಿಲ್ಲ” ಎಂದ. “ಅಕೀನ್ನ ನೋಡ್ಕೋವಾ. ಅಕಿ ಬಾಯಿ ಭಾಳ ಕೆಟ್ಟದ್ದು, ಸುಮ್ಮ ಕುಂದ್ರಾಕಿ ಅಲ್ಲ.”

ಹೆಂಗಸರ ಪಡಸಾಲೆಗೆ ಬಂದಾಗ ಮಡಿ ಅಜ್ಜಿ ತನ್ನ ಎರಡನೆಯ ಕೆಂಪು ಸೀರೆಯನ್ನು ಗೆರೆಯ ಆಚೆಯಿಂದ ನನ್ನ ಮೇಲೆ ಒಗೆದಳು.

“ಇದನ್ನ ಆ ಪೀಡಾಗ ಉಡಸು. ಮಡೀಲಿರೋ ಮುದುಕೀನ್ನ ಆ ಮಂದಿ ಮುಟ್ಟಂಗಿಲ್ಲ.”

“ಅಮ್ಮಾರ, ಕೂದ್ಲಾ? ಕೆಂಪು ಸೀರಿ ಉಟ್ಟಾಕಿಗಿ ಇಷ್ಟುದ್ದ ಜಡಿ ಇರ್ತದೇನ್ರಿ?” ಎಂದೆ. ಕತ್ತಿ ಆಗಲೇ ನನ್ನ ಕೈಯಲ್ಲಿತ್ತು.

ಅಜ್ಜಿಯ ಮುಖ ಕಪ್ಪಿಟ್ಟಿತು. “ಬ್ಯಾಡ. ಗಂಡ ಹೊರಗ ಕುಂತಾನ. ಮುತ್ತೈದಿ ತಲಿ ಬೋಳಿಸಿದ್ರ ಗಂಡನ ಜೀವಕ್ಕ ಬರ್ತದ. ಯಾ ಜಾತಿಯಾಕಿ ಆದ್ರೂ ಅಷ್ಟೇ.”

ಅಷ್ಟರಲ್ಲಿ ದಾರಿಯ ಕಡೆಯಿಂದ ಕೂಗು ಕೇಳಿಸಿತು. ಅಜ್ಜಿ ಕಣ್ಣು ಮುಚ್ಚಿದಳು, ತುಟಿ ಅಲುಗಿದವು. ಮತ್ತೆ ಕಣ್ಣು ತೆರೆದು, “ಬೋಳಸು. ಪಾಪ ನನಗಿರ್ಲಿ” ಎಂದಳು.

ಬೀಬಿ ಒಪ್ಪಲಿಲ್ಲ. ಹೆಣವಾದರೂ ಆಗುತ್ತೇನೆ, ಕೂದಲು ಕೊಡುವುದಿಲ್ಲ ಎಂದು ಗೋಡೆಗೆ ಅಂಟಿದಳು. ಮಾತಾಡಲು ಹೊತ್ತಿರಲಿಲ್ಲ. ಕೆಡವಿ ಎದೆಯ ಮೇಲೆ ಕೂತೆ. ಮುಂಗೈ ಕಚ್ಚಿ ಮಾಂಸ ಕಿತ್ತಳು. ಕೆನ್ನೆಗೆ ಎರಡು ಬಿಗಿದೆ. ಅವಳ ಕಾಲು ನನ್ನ ಬೆನ್ನಿಗೆ ಒದೆಯುತ್ತಲೇ ಇದ್ದವು, ಆಮೇಲೆ ಒಮ್ಮೆಲೇ ನಿಂತವು. ತಿರುಗಿ ನೋಡಿದರೆ ಮಡಿ ಅಜ್ಜಿ ಗೆರೆ ದಾಟಿ ಬಂದು ಆ ಕಾಲುಗಳನ್ನು ಅಪ್ಪಿ ಹಿಡಿದು ಅವುಗಳ ಮೇಲೆ ಬಿದ್ದುಕೊಂಡಿದ್ದಳು. ನೀರು ಹಾಕದೆ ಬೋಳಿಸಿದೆ. ತಲೆ ತುಂಬ ಗಾಯ. ರಕ್ತ ಒರೆಸಿ, ಮೂಗಿನ ನತ್ತು, ಕೈಬಳೆ ತೆಗೆದು, ಕೆಂಪು ಸೀರೆ ಸುತ್ತಿದೆ. ಅಜ್ಜಿ ತನ್ನ ಕೈಯಿಂದಲೇ ಅವಳ ಹಣೆಗೆ ಗೋಪೀಚಂದನದ ನಾಮ ಎಳೆದು, ಕೊರಳಿಗೆ ತುಳಸಿಮಣಿ ಹಾಕಿ, ಗೆರೆಯೊಳಗೆ ತನ್ನ ಮಗ್ಗುಲಿಗೆ ಕೂರಿಸಿಕೊಂಡಳು. ನಾನು ಕೂದಲನ್ನು ಒಲೆಗೆ ತುರುಕಿದೆ.

ಗುಂಪು ಬಂತು. ಮುಖಕ್ಕೆ ರುಮಾಲು ಕಟ್ಟಿದ್ದರು, ಎಲ್ಲಿಯವರೋ ನನಗೆ ಗೊತ್ತಾಗಲಿಲ್ಲ. ಬಾಗಿಲಲ್ಲಿದ್ದ ಬೀಬಿಯ ಗಂಡನನ್ನು ಗಡ್ಡ ಹಿಡಿದು ಅಂಗಳಕ್ಕೆ ಎಳೆದು ತಂದರು. ಒಬ್ಬ ಎದೆಗೆ ಒದ್ದ. ಕೊಡಲಿಯವನು ನಮ್ಮ ಪಡಸಾಲೆಯ ಮೆಟ್ಟಿಲು ಹತ್ತಿದ.

“ಮುಟ್ಟಬ್ಯಾಡ್ರಿ, ಮಡೀಲಿದ್ದೀವಿ” ಎಂದಳು ಅಜ್ಜಿ.

ಅವನು ಗೆರೆಯ ಈಚೆ ನಿಂತ. ಕೊಡಲಿಯನ್ನು ಕಂಕುಳಿಗೆ ಸಿಕ್ಕಿಸಿ ಇಬ್ಬರಿಗೂ ಕೈಮುಗಿದ. ಆಮೇಲೆ ಅಂಗಳಕ್ಕೆ ಇಳಿದು ಮುದುಕನನ್ನು ಕೇಳಿದ: “ನಿನ್ನ ಹೇಣ್ತಿ ಎಲ್ಲಿದ್ದಾಳೋ?”

ಮುದುಕ ತಲೆ ಎತ್ತಿ ನಮ್ಮ ಕಡೆ ನೋಡಿದ. ಅವಳನ್ನು ಗುರುತಿಸಿದ. ಅವನೊಡನೆ ಬಾಳಿದ ಹೆಂಗಸು ಬೋಳು ತಲೆಯಲ್ಲಿ ಕೂತಿದ್ದನ್ನು ಕಂಡು ಅವನ ಬಾಯಿ ತೆರೆದದ್ದು ನನಗೆ ಕಾಣಿಸಿತು. ಮತ್ತೆ ಮುಖ ತಿರುಗಿಸಿದ.

“ಅಕಿ ಹ್ವಾದ ವರ್ಷ ಸತ್ತಳ್ರಿ” ಎಂದ.

ಮೊದಲ ಏಟು ಹೆಗಲಿಗೆ ಬಿತ್ತು. ಅವನು ಕೂಗಿದ. ಎರಡನೆಯದಕ್ಕೂ ಕೂಗಿದ. ಗೆರೆಯೊಳಗೆ ಬೀಬಿ ಕೆಂಪು ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಮಡಿ ಅಜ್ಜಿ ಅವಳ ಮಣಿಕಟ್ಟನ್ನು ಒತ್ತಿ ಹಿಡಿದು, ಆ ಕೂಗು ಮುಚ್ಚಿಹೋಗುವಷ್ಟು ಗಟ್ಟಿಯಾಗಿ ದೇವರ ನಾಮ ಹೇಳತೊಡಗಿದಳು. ಬೀಬಿ ಅಳಲಿಲ್ಲ. ಅತ್ತಿದ್ದರೆ ಅವಳೂ ಹೋಗುತ್ತಿದ್ದಳು, ಬಹುಶಃ ನಾವೂ. ಅವರು ಹೋದ ಮೇಲೆ ನಾನು ಫರಸಿಯ ಮೇಲೆ ಕೊಡಗಟ್ಟಲೆ ನೀರು ಸುರಿದೆ, ಕಲ್ಲಿನ ಸಂದುಗಳಿಂದ ಕೆಂಪು ಹೋಗಲೇ ಇಲ್ಲ. ಕೈಮುಗಿದ ಆ ಕೈಯನ್ನು ಇವತ್ತು ನೆನೆದರೂ ನನ್ನ ಮೈ ಉರಿಯುತ್ತದೆ.

ಗಂಡಸರ ಪಡಸಾಲೆಯ ಮುದುಕರು ಗೋಡೆಯ ಹಿಂದಿನ ಹೊಲದಲ್ಲಿ ಅವನನ್ನು ಮಣ್ಣು ಮಾಡಿದರು. ಮರುದಿನ ರೈಲು ಕೂಗಿತು, ನಾನು ಮಡಕೆ ಎತ್ತಿದೆ, ಅಂಬಲಿ ಹಂಚಿದೆ. ಯಾರೂ ಕೋಲು ಎತ್ತಲಿಲ್ಲ. ಮಡಿ ಅಜ್ಜಿಯ ಒಲೆ ಹೊತ್ತಲಿಲ್ಲ. ಅದರ ಮರುದಿನವೂ ಇಲ್ಲ. ಗೋಡೆಗೆ ಮುಖ ಮಾಡಿ ಮಲಗಿದವಳು ನೀರನ್ನೂ ಮುಟ್ಟಲಿಲ್ಲ. ಕೇಳಿದರೆ ಒಂದೇ ಮಾತು: “ಮುತ್ತೈದಿ ತಲಿ ಬೋಳಸು ಅಂದಾಕಿ ನಾ. ನಾ ಕೊಂದೆ ಅವನ್ನ.” ನಾನು ಬೈದೆ, ಬೇಡಿದೆ, ಕೈಮುಗಿದೆ. ಕಣ್ಣು ಗುಳಿಬಿದ್ದವು, ನಾಲಿಗೆ ಒಣಗಿತು. ಹೀಗೇ ಬಿಟ್ಟರೆ ಮುದುಕಿ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಬೀಬಿ ಎದ್ದಳು. ಗೆರೆ ದಾಟಿ ಅಜ್ಜಿಯ ಒಲೆ ಹೊತ್ತಿಸಿ, ಅಜ್ಜಿಯ ಪಾತ್ರೆಯಲ್ಲೇ ಗಂಜಿ ಕಾಸಿದಳು. ಅಜ್ಜಿಯ ಹೆಗಲು ಹಿಡಿದು ತನ್ನ ಕಡೆ ತಿರುಗಿಸಿ ಕೆನ್ನೆಗೆ ಒಂದು ಬಾರಿಸಿದಳು. ಬಿಡಿಸಲು ಹೋದ ನನ್ನನ್ನು ದೂಡಿದಳು.

“ಏನಂತೀ, ನೀ ಕೊಂದಿ?” ಎಂದಳು. “ಕೊಡ್ಲಿ ಹಿಡದಾವ ಯಾರು, ನೀ ಏನು? ಆ ಪಾಪ ಅವ್ರದ. ಅವ್ರ ತಲಿಮ್ಯಾಲ ಇರ್ಲಿ ಅದು. ನೀ ಕಸ್ಕೊಂಡು ಅವ್ರನ್ನ ಹಗುರ ಮಾಡಬ್ಯಾಡ.”

ಅಜ್ಜಿ ಅವಳನ್ನೇ ನೋಡಿದಳು. ಬೀಬಿಯ ತಲೆಯ ಗಾಯಗಳ ನಡುವೆ ಬಿಳಿ ಕೂದಲು ಆಗಷ್ಟೇ ಮೊಳೆಯುತ್ತಿತ್ತು. ಬೀಬಿ ದವಡೆ ಒತ್ತಿ ಹಿಡಿದು ಗಂಜಿ ಹುಯ್ದಳು. ಮೊದಲ ಗುಟುಕನ್ನು ಅಜ್ಜಿ ಅವಳ ಮುಖಕ್ಕೇ ಉಗುಳಿದಳು. ಬೀಬಿ ಒರೆಸಿಕೊಂಡು ಮತ್ತೆ ಹುಯ್ದಳು. ಎರಡನೆಯದನ್ನು ಅಜ್ಜಿ ನುಂಗಿದಳು.