ಕಳಸದ ಏಕಾಂತಪ್ಪನವರೂ ನನ್ನ ಎಣ್ಣೆ ಟ್ರ್ಯಾಕ್ಟರೂ

ಜಾವಳಿಯ ಎಸ್ಟೇಟೊಂದರಲ್ಲಿ ತುಕ್ಕು ಹಿಡಿದು ನಿಂತಿದ್ದ ಹಳೇ ವಿದೇಶಿ ಟ್ರ್ಯಾಕ್ಟರನ್ನು ನಾನು ಕೊಂಡು ತಂದ ದಿನ, ಕಳಸದ ಮೆಕ್ಯಾನಿಕ್ ಏಕಾಂತಪ್ಪನವರು ಪೇಟೆಯ ಜನರೆದುರೇ ಒಂದು ಮಾತು ಅಂದರು: "ಗೇರ್ ಬದಲಿಸೋಕೆ ತಾಳ್ಮೆ ಇಲ್ದೋರಿಗೆ ಅಂತ್ಲೇ ಮಾಡಿದ ಗಾಡಿ ಗೌಡ್ರೆ ಇದು. ನಿಮಗೆ ಹೇಳಿ ಮಾಡಿಸಿದ ಹಾಗಿದೆ." ಸುತ್ತಲಿದ್ದವರು ನಕ್ಕರು. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ. ತಾಳ್ಮೆ ಇಲ್ಲವಂತೆ ನನಗೆ!

ಏಕಾಂತಪ್ಪನವರದು ವ್ಯಾಪಾರದ ಮನೆತನ. ಅಪ್ಪನ ಬಟ್ಟೆ ಅಂಗಡಿಯಲ್ಲಿ ಕೂರಿಸಿದರೆ ಗಿರಾಕಿಯನ್ನು ಬಿಟ್ಟು, ಹೊರಗೆ ನಿಂತ ಜೀಪಿನ ಬಾನೆಟ್ ಎತ್ತುತ್ತಿದ್ದರಂತೆ. ಹೊಸ ಸೀರೆಗಳ ಮೇಲೆಲ್ಲ ಗ್ರೀಸಿನ ಬೆರಳು ಮೂಡಿದ ಮೇಲೆ ಅಪ್ಪನೇ ಕೈಮುಗಿದು ಗ್ಯಾರೇಜಿಗೆ ಕಳಿಸಿದರು. ಈಗ ಅರವತ್ತು ದಾಟಿದೆ. ಹಣೆಯಲ್ಲಿ ವಿಭೂತಿ, ಅದರ ಮೇಲೊಂದು ಎಣ್ಣೆ ಗೆರೆ. ಹೆಂಡತಿ ಗಿರಿಜಾಂಬಾ ಊಟಕ್ಕೆ ಕರೆದರೆ ಗಾಡಿಯ ಅಡಿಯಿಂದಲೇ "ಬಂದೆ" ಅನ್ನುತ್ತಾರೆ. ಬರುವುದು ಮಾತ್ರ ಸಾರನ್ನು ಇನ್ನೊಮ್ಮೆ ಬಿಸಿ ಮಾಡಿದ ಮೇಲೆ. ತಮ್ಮ ಕೆಲಸವನ್ನು ತಾವೇ ಹೊಗಳಿಕೊಳ್ಳಲು ಅವರಿಗೆ ನಾಚಿಕೆಯೇನೂ ಇಲ್ಲ.

ಹೋದ ಕೊಯ್ಲಿನಲ್ಲಿ ಅವರನ್ನು ಕರೆಯಲೇಬೇಕಾಯಿತು. ತೋಟದ ಏರಿನಲ್ಲಿ ಅರೇಬಿಕಾ ಹಣ್ಣಿನ ಮೂಟೆಗಳನ್ನು ಟ್ರೈಲರಿಗೆ ತುಂಬಿಸುತ್ತಿದ್ದೆವು. ಅವತ್ತೇ ಸಿಪ್ಪೆ ಸುಲಿಯುವ ಪಲ್ಪರಿಗೆ ಹಾಕದಿದ್ದರೆ ಹಣ್ಣು ಹುಳಿ ಬಂದು, ವರ್ಷದ ಒಳ್ಳೇ ಕಾಫಿಯೆಲ್ಲ ನಾರುತ್ತದೆ. ಏರಿನಲ್ಲಿ ಗಾಡಿ ನಿಲ್ಲಿಸಿದರೆ ಗಾಲಿಗೆ ಕಲ್ಲು ಕೊಡುವುದು ನಮ್ಮ ಕಡೆಯ ರೂಢಿ. ಮೇಸ್ತ್ರಿ ರೇವಣ್ಣ ಕಲ್ಲು ತಂದಾಗ, "ಬೇಡ ಮಾರಾಯ, ಎಕ್ಸಲೇಟರ್ ಸ್ವಲ್ಪ ಒತ್ತಿ ಹಿಡಿದ್ರೆ ಇದು ತಾನೇ ನಿಲ್ಲುತ್ತೆ" ಎಂದೆ. ನಿಂತಿತು ಕೂಡ. ಬ್ರೇಕು ಬೇಡ, ಕಲ್ಲು ಬೇಡ, ದೇವರ ಬಸವನ ಹಾಗೆ ನಿಂತಿತು. ಕೊನೆಯ ಮೂಟೆ ಏರಿಸಿ ಹೊರಡೋಣವೆಂದರೆ ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗದು. ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ನಾನು ಬ್ರೇಕ್ ತುಳಿದೆ, ರೇವಣ್ಣ ಓಡಿಬಂದು ಕಲ್ಲು ಕೊಟ್ಟ.

ಸಿಟ್ಟು ನುಂಗಿಕೊಂಡು ಫೋನ್ ಮಾಡಿದೆ. ಏಕಾಂತಪ್ಪನವರು ಜೀಪಿನಲ್ಲಿ ಬಂದು ಗೇರ್ ಬಾಕ್ಸಿನ ಮುಂದಿನ ಕವಚಕ್ಕೆ ನೀರು ಚಿಮುಕಿಸಿದರು. ಚುಂಯ್ ಎಂದಿತು. ಸ್ಪ್ಯಾನರ್ ಮುಟ್ಟಲೇ ಇಲ್ಲ.

"ಇಂಜಿನ್ ಆರ್ಸಿ. ಕಾಫಿ ತರ್ಸಿ."

"ಅಲ್ಲಿ ಹಣ್ಣು ಕೊಳೀತಾ ಇದೆ, ನಿಮಗೆ ಕಾಫಿ ಬೇಕಾ ಮಾರಾಯ್ರೆ?"

"ನೀವೂ ಒಂದು ಲೋಟ ಕುಡೀರಿ. ಕಾದೋರು ಆರೋ ತನಕ ಯಾರೂ ಏನೂ ಮಾಡೋಕಾಗಲ್ಲ."

ಕಲ್ಲಿನ ಮೇಲೆ ಕೂತು ವಿವರಿಸಿದರು. "ತೊಟ್ಟೀಲಿ ಬೀಜ ತೊಳೀವಾಗ ಈ ಕಡೆ ಗೋರೆ ಹಾಕಿ ತಿರುವಿದ್ರೆ ಆ ಕಡೆ ಬೀಜಾನೂ ಸುತ್ತುತ್ತಲ್ಲ? ಹಾಗೇ ಇದರ ಹೊಟ್ಟೇಲಿ ಎದುರುಬದುರು ಎರಡು ರೆಕ್ಕೆಚಕ್ರ. ಇಂಜಿನ್ ಚಕ್ರ ಎಣ್ಣೆ ಎರಚುತ್ತೆ, ಆ ಹೊಡೆತಕ್ಕೆ ಗಾಲಿ ಕಡೆ ಚಕ್ರ ತಿರುಗುತ್ತೆ. ಒಂದನ್ನೊಂದು ಮುಟ್ಟೋದೇ ಇಲ್ಲ."

"ಮುಟ್ಟದೇ ಇಷ್ಟು ಭಾರ ಹೇಗೆ ಎಳೆಯುತ್ತೆ?"

"ನಡುವೆ ಇನ್ನೊಂದು ಚಕ್ರ ಇದೆ. ವಾಪಸ್ ಬರೋ ಎಣ್ಣೆ ಇಂಜಿನ್ನಿಗೆ ಎದುರು ಹೊಡೀಬಾರ್ದಲ್ಲ, ಅದನ್ನ ತಿರುಗಿಸಿ ಇಂಜಿನ್ ದಿಕ್ಕಿಗೇ ನೂಕುತ್ತೆ. ಭಾರಕ್ಕೆ ಗಾಲಿ ನಿಧಾನ ಆದಾಗ್ಲೇ ಅದರ ಸಹಾಯ ಜಾಸ್ತಿ. ಆದ್ರೆ ನೀವು ಗಾಲಿ ತಿರುಗೋಕೇ ಬಿಡದೆ ಇಂಜಿನ್ ಓಡಿಸಿದ್ರಿ. ಶಕ್ತಿಯೆಲ್ಲ ಎಣ್ಣೆ ಕಡೆಯೋಕೆ ಹೋಯ್ತು. ಎಣ್ಣೆ ಕಾದು ನೊರೆ ಬಂದ್ರೆ ಹಿಡಿತ ಎಲ್ಲಿ ಸಿಗುತ್ತೆ?"

ರೇವಣ್ಣ ಗಾಲಿಗೆ ಕೊಟ್ಟ ಕಲ್ಲಿನ ಕಡೆ ನೋಡಿದ. ನಾನು ರೇವಣ್ಣನನ್ನು ದುರುಗುಟ್ಟಿ ನೋಡಿದೆ.

ಕವಚ ತಣ್ಣಗಾದ ಮೇಲೆ ಕಡಿಮೆಯಾಗಿದ್ದ ಎಣ್ಣೆ ತುಂಬಿಸಿ ಹೊರಟೆವು. ಗಾಡಿ ಮೆತ್ತಗೆ, ಒಂದೇ ಉಸಿರಿಗೆ ಏರು ಹತ್ತಿತು. ಕತ್ತಲಾಗುವ ಮುಂಚೆ ಹಣ್ಣೆಲ್ಲ ಪಲ್ಪರಿಗೆ ಬಿತ್ತು. ಒಂದು ಬುಟ್ಟಿಯೂ ಕೆಡಲಿಲ್ಲ.

ಮಜೂರಿ ಕೇಳಿದರೆ, "ಸ್ಪ್ಯಾನರ್ ಮುಟ್ಟದ ಕೆಲಸಕ್ಕೆ ಎಂಥ ಮಜೂರಿ? ಮಳೆಗಾಲದಲ್ಲಿ ಎಳೆ ಬಿದಿರು ಕಳಲೆ ಪಲ್ಯದ ಊಟ ಹಾಕ್ಸಿ, ಸಾಕು" ಎಂದು ಹೋದರು.

ಮಳೆಗಾಲ ಬಂತು. ನನ್ನ ಹೆಂಡತಿ ವಿಮಲಮ್ಮ ಕಳಲೆ ಹೆಚ್ಚಿ, ನೀರು ಬದಲಿಸಿ ಬದಲಿಸಿ ನೆನೆಹಾಕಿ, ಅಕ್ಕಿರೊಟ್ಟಿ ಜೊತೆಗೆ ಪಲ್ಯ ಮಾಡಿ ಹೇಳಿಕಳಿಸಿದರೆ ಅವರಿಗೆ ಪ್ರತಿ ಸಲವೂ ಒಂದೊಂದು ನೆಪ. ಕೊನೆಗೆ ನಾನೇ ಹೋಗಿ ರೇಗಿದೆ. ಜೀಪಿನ ಅಡಿಯಿಂದ ದನಿ ಬಂತು:

"ಬರಲ್ಲ ಹೋಗಿ ಗೌಡ್ರೆ. ಉಂಡ್ರೆ ನನ್ನ ಮಜೂರಿ ಲೆಕ್ಕ ತೀರಿಹೋಗುತ್ತೆ. ಆಮೇಲೆ ನಿಮ್ಮ ಬಾಯಿಗೆ ಹಿಡಿತವೇ ಇರಲ್ಲ."

ಮಳೆಗಾಲ ಕಳೆದು ಕಳಲೆಯೂ ಮುಗಿಯಿತು. ಅವರಿಗೆ ಎಲೆ ಹಾಕುವುದು ಹಾಗೇ ಉಳಿದಿದೆ.