ದೆಹಲಿಯಿಂದ ಬೆಂಗಳೂರಿಗೆ ಏಳು ಗಂಟೆ

ಕೊಡಗು ತಾನೇ ಒಂದು ರಾಜ್ಯವಾಗಿದ್ದ ವರ್ಷಗಳವು. ನಮ್ಮಣ್ಣ ದೆಹಲಿಯಲ್ಲಿ, ಮಿಲಿಟರಿಯಲ್ಲಿದ್ದ. ನಾನು ನಾಪೋಕ್ಲಿನ ಹತ್ತಿರ ಗದ್ದೆ ನೋಡಿಕೊಂಡು ಮನೆಯಲ್ಲಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ಆದರೂ ಮನೆಗೆ ಬಂದ ಕಾಗದ ಓದಿ ಹೇಳುವವನು ನಾನೊಬ್ಬನೇ.

ಅಪ್ಪ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಗಂಜಿ ಕುಡಿಸಿದ್ದು, ಮೈ ಒರೆಸಿದ್ದು, ಮಗ್ಗುಲು ಬದಲಿಸಿದ್ದು ನಾನು. ಅವರು ಕೇಳುತ್ತಿದ್ದದ್ದು ಮಾತ್ರ, "ದೊಡ್ಡವ ಯಾವಾಗ ಬರುತ್ತಾನೆ?"

ಅದಕ್ಕೆ ಅಣ್ಣ ಮೊದಲೇ ಬರೆದಿದ್ದ. ತಂತಿ ಕೊಟ್ಟರೆ ಸಾಹೇಬರು ಮಿಲಿಟರಿ ವಿಮಾನದಲ್ಲಿ ಜಾಗ ಕೊಡಿಸುತ್ತಾರೆ. ಬೆಂಗಳೂರಿಗೆ ಸಾವಿರ ಮೈಲಿಗೂ ಹೆಚ್ಚು, ನಡುವೆ ಇಳಿದು ಹತ್ತಿದರೂ ಏಳು ಗಂಟೆ. ಆಮೇಲೆ ರಾತ್ರಿ ರೈಲಿನಲ್ಲಿ ಮೈಸೂರು, ಬೆಳಿಗ್ಗೆ ಮಡಿಕೇರಿ ಬಸ್ಸು. "ವಿಮಾನ ಹತ್ತಿದ ಮಾರನೆಯ ದಿನ ನಾಲ್ಕು ಗಂಟೆಗೆ ನಾಪೋಕ್ಲಿನಲ್ಲಿ ಇಳಿಯುತ್ತೇನೆ. ಅಲ್ಲಿವರೆಗೆ ಕಾಯಿರಿ."

ನಾನು ಓದಿ ಹೇಳಿದ್ದು ವಿಮಾನದ ಭಾಗ ಮಾತ್ರ. ಏಳೇ ಗಂಟೆ ಎಂದು ಎಲ್ಲರೂ ಬೆರಗಾಗಿ ಕೂತರು. ಬಸ್ಸಿನ ವಿಷಯ ಯಾರಿಗೆ ಬೇಕಿತ್ತು?

ಅಪ್ಪನಿಗೆ ಜೋರಾದಾಗ ತಂತಿ ಕೊಟ್ಟೆ. "ನಾಳೆ ಬೆಳಿಗ್ಗೆ ವಿಮಾನ" ಎಂದು ಉತ್ತರ ಬಂತು. ಅಣ್ಣ ದೆಹಲಿ ಬಿಟ್ಟ ಮಾರನೆಯ ಬೆಳಿಗ್ಗೆ ಅಪ್ಪ ತೀರಿಕೊಂಡರು. ಅಂಗಳದಲ್ಲಿ ಎರಡು ಗುಂಡು ಹಾರಿಸಿ ಊರಿಗೆ ತಿಳಿಸಿದೆವು.

ಚಿಕ್ಕಪ್ಪ ಕೇಳಿದರು, "ಕೊಳ್ಳಿ ಇಡಬೇಕಾದವ ಹಿರಿಯವ. ಕಾಯೋಣವೇನೋ? ಹೊತ್ತು ಮುಳುಗುವವರೆಗೂ ಸಮಯ ಇದೆ."

"ಏಳು ಗಂಟೆಯ ದಾರಿ, ಚಿಕ್ಕಪ್ಪ. ನಿನ್ನೆ ಹತ್ತಿದ್ದರೆ ಇಷ್ಟರಲ್ಲಿ ಬಂದಿರಬೇಕಿತ್ತು. ವಿಮಾನ ಸಿಕ್ಕಿಲ್ಲ, ಇನ್ನು ಬರುವುದಿಲ್ಲ," ಎಂದೆ.

ಕಾಗದ ನನ್ನ ಪೆಟ್ಟಿಗೆಯಲ್ಲೇ ಇತ್ತು. ನಾಲ್ಕು ಗಂಟೆ ಎಂಬುದು ಬಾಯಿಪಾಠವಾಗಿತ್ತು. ಎರಡು ವರ್ಷ ನೋಡಿಕೊಂಡವನು ನಾನು, ಕೊಳ್ಳಿಯೂ ನನ್ನದೇ ಆಗಲಿ ಎಂಬ ಹಟ. ಒಂದು ಗಂಟೆಗೆ ಚಿತೆಗೆ ಬೆಂಕಿ ಕೊಟ್ಟೆ.

ನಾಲ್ಕೂವರೆಗೆ ಅಣ್ಣ ಟ್ರಂಕು ಹೊತ್ತುಕೊಂಡು ಗದ್ದೆ ಏರಿಯ ಮೇಲೆ ಬರುತ್ತಿದ್ದ. ಹೊಗೆ ಕಂಡು, ಟ್ರಂಕನ್ನು ಅಲ್ಲೇ ಬಿಟ್ಟು ಓಡಿ ಬಂದ.

ಚಿಕ್ಕಪ್ಪ ಅಳುತ್ತಲೇ ರೇಗಿದರು. "ಏನು ಮಾರಾಯ, ಏಳು ಗಂಟೆಯ ದಾರಿಗೆ ಎರಡು ದಿನವಾ? ಎತ್ತಿನ ಗಾಡಿಯನ್ನಾದರೂ ಹತ್ತಬಾರದಿತ್ತಾ?"

ಅಣ್ಣ ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಅವನಿಗೆ ತಿಳಿಯಿತು.

"ವಿಮಾನ ಕೆಟ್ಟಿತು, ಚಿಕ್ಕಪ್ಪ. ನಾಗಪುರದಲ್ಲಿ ಕೂತುಬಿಟ್ಟಿತು," ಎಂದ.

ಆಮೇಲೆ ಬಾವಿಯ ಹತ್ತಿರ ನನ್ನೊಬ್ಬನಿಗೇ ಹೇಳಿದ, "ಗಂಜಿ ಕುಡಿಸಿದ ಕೈ ನಿನ್ನದು. ಕೊಳ್ಳಿ ನೀನೇ ಇಡು ಅಂತಿದ್ದೆ. ಮುಖ ನೋಡುವಷ್ಟು ಕಾಯಬಹುದಿತ್ತಲ್ಲೋ."

ಅಷ್ಟೇ. ಮತ್ತೆಂದೂ ಆ ಮಾತು ಎತ್ತಲಿಲ್ಲ. ರಜೆಗೆ ಬಂದಾಗಲೆಲ್ಲ ಊರವರು "ಈ ಸಲ ವಿಮಾನ ಎಲ್ಲಿ ಕೂತಿತು?" ಎಂದು ಕೆಣಕುತ್ತಿದ್ದರು. ಅವನೂ ನಗುತ್ತಿದ್ದ. ಅವನು ಹಾಗೆ ನಕ್ಕಿದ್ದರಿಂದಲೇ ನಾನು ಈ ಊರಿನಲ್ಲಿ ತಲೆಯೆತ್ತಿ ಬಾಳಿದೆ. ನನ್ನ ಮಕ್ಕಳು ಅವನನ್ನು ದೊಡ್ಡಪ್ಪ ಎಂದು ಕರೆದು ಅವನ ಹೆಗಲೇರಿದರು.

ಈಗ ಅವನಿಲ್ಲ. ನಾನಿರುವಾಗಲೇ ಬರೆದಿಡಬೇಕು. ಆ ದಿನ ವಿಮಾನ ಕೆಟ್ಟಿರಲಿಲ್ಲ. ಅಣ್ಣ ಹೇಳಿದ ಹೊತ್ತಿಗೇ ಬಂದಿದ್ದ.