ಮೋಟುಗೋಡೆಯಾಚೆಯ ಬಿಸ್ಕತ್ತು

ನಾನು ದೇವನಹಳ್ಳಿಗೆ ಸೊಸೆಯಾಗಿ ಬಂದಾಗ ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಪಕ್ಕದ ಮನೆಯ ತಾತ ಬೆಂಗಳೂರು ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಬಿಳಿಯ ದೊರೆಯೊಬ್ಬನ ಮನೆಗೆ ಅಡುಗೆ ಮಾಡುತ್ತಿದ್ದು ಊರಿಗೆ ಮರಳಿದವರು. ಭಾನುವಾರ ಬೆಳಿಗ್ಗೆ ಗೋಧಿಹಿಟ್ಟಿಗೆ ಹುರಿದ ಕೈಮಾ, ದಂಡಿನಿಂದ ತರಿಸಿದ ಡಬ್ಬಿಯ ಚೀಸು ಕಲಸಿ, ಮಡಕೆಯ ಕೆಳಗೂ ಮುಚ್ಚಳದ ಮೇಲೂ ಕೆಂಡ ಹಾಕಿ ದಪ್ಪ ಬಿಸ್ಕತ್ತು ಸುಡುತ್ತಿದ್ದರು. ಬೆಂದಿತೋ ಇಲ್ಲವೋ ಎಂಬುದನ್ನು ಮೂಗೇ ಅವರಿಗೆ ಹೇಳುತ್ತಿತ್ತು. ಹೆಗಲ ಮೇಲಿನ ಬಿಳಿ ಬಟ್ಟೆಯಿಂದ ತಟ್ಟೆಯ ಅಂಚು ಒರೆಸಿ, ಮೋಟುಗೋಡೆಯ ಮೇಲಿಂದ ನನಗೆ ಕೊಟ್ಟು, "ಬಿಸಿ ಇದ್ದಾಗ್ಲೇ ತಿಂದ್ಬಿಡ್ಬೇಕು ಕಣಮ್ಮ" ಅನ್ನುತ್ತಿದ್ದರು.

ಮಾವ, ಗಂಡ, ಅತ್ತೆ ತಿಂದು ನನ್ನ ಪಾಲು ಬರುವಷ್ಟರಲ್ಲಿ ಅದು ಆರಿ ಗಟ್ಟಿಯಾಗಿರುತ್ತಿತ್ತು.

ಒಂದು ಭಾನುವಾರ ತಟ್ಟೆ ತೆಗೆದುಕೊಳ್ಳುವಾಗ, "ನೀವೂ ಒಂದು ಬಿಸೀದು ತಿನ್ನಿ ತಾತ" ಅಂದೆ.

ಅವರು ನಕ್ಕರು. "ನಂಗೆ ಆರಿದ್ದೇ ರೂಢಿ. ದೊರೆಗಳ ಮೇಜಿಂದ ವಾಪಸ್ ಬಂದದ್ದು ತಾನೇ ನಮ್ಗೆ?"

"ನಂಗೂ ಅಷ್ಟೇ" ಅಂದುಬಿಟ್ಟೆ.

ಅವರು ತಟ್ಟೆಯಿಂದ ಒಂದು ಬಿಸ್ಕತ್ತು ಎತ್ತಿ, ಮುರಿದು, ಅರ್ಧ ನನಗೆ ಕೊಟ್ಟರು. ಗೋಡೆಯ ಆಚೆ ಅವರು, ಈಚೆ ನಾನು, ನಾಲಿಗೆ ಸುಟ್ಟುಕೊಂಡು ತಿಂದೆವು. ಚೀಸು ಎಳೆ ಎಳೆಯಾಗಿ ಬಂತು.

"ದೊರೆಸಾನಿ ಬಿಸೀದೇ ಬೇಕು ಅಂತ ಯಾಕೆ ಕೂಗಾಡ್ತಿದ್ಲು ಅಂತ ಈಗ ಗೊತ್ತಾಯ್ತು ನೋಡು" ಅಂದರು.

ಮುಂದಿನ ಭಾನುವಾರ ತಟ್ಟೆಗೆ ಜೋಡಿಸುವ ಮೊದಲೇ ನನ್ನನ್ನು ಗೋಡೆಯ ಹತ್ತಿರ ಕರೆದರು. ಈ ಸಲ ಮುರಿಯಲಿಲ್ಲ. ಇಡೀ ಒಂದು ನನಗೆ, ಇಡೀ ಒಂದು ಅವರಿಗೆ.